ಬೆಕ್ಕಿರಲಿ, ಚಿಗಟ ಹೋಗಲಿ

(ಕಲಿಕಾ ಕೇಂದ್ರದ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ನಾವು ಒಂದು ಸಣ್ಣ ಪ್ರಾಣಿಯ ವಿಷಯ ಮಾತಾಡೋಣ. ಅದರ ಗಾತ್ರ ರಾಗಿ ಕಾಳಿನಷ್ಟು. ಬಣ್ಣ ಕಂದು. ರೆಕ್ಕೆ ಇಲ್ಲ. ಆದರೂ ಸುಮಾರು ಒಂದು ಗೇಣು ಎತ್ತರ ನೆಗೆಯುತ್ತೆ. ಹಿಡಿಯೋಕೆ ಹೋದರೆ ಬೆರಳ ಸಂದಿಯಿಂದ ಜಾರಿಕೊಳ್ಳುತ್ತೆ. ರಾತ್ರಿ ಮಕ್ಕಳನ್ನು ಮಲಗೋಕೆ ಬಿಡೋದಿಲ್ಲ. ಯಾವುದು ಹೇಳಿ? ಹೌದು, ಚಿಗಟ.

ಈ ಮಾತು ಆಡೋಕೆ ಕೆಲವರಿಗೆ ನಾಚಿಕೆ. "ನಮ್ಮನೇಲಿ ಚಿಗಟ ಐತೆ ಅಂದ್ರೆ ಜನ ಏನಂತಾರೆ? ಮನೆ ಹೊಲಸು ಅಂತಾರೆ" ಅಂತ ಸುಮ್ಮನಿರುತ್ತಾರೆ. ಅತ್ತೆ ಸೊಸೆಯನ್ನು ಬೈಯುತ್ತಾಳೆ. ಗಂಡ ಹೆಂಡತಿಯನ್ನು ಬೈಯುತ್ತಾನೆ. ಎಲ್ಲರೂ ಸೇರಿ ಬೆಕ್ಕನ್ನು ಬೈಯುತ್ತಾರೆ. ಬೈದರೆ ಚಿಗಟ ಹೋಗುತ್ತಾ? ಹೋಗೋದಿಲ್ಲ. ಚಿಗಟ ಎಲ್ಲಿ ಹುಟ್ಟುತ್ತೆ, ಏನು ತಿನ್ನುತ್ತೆ, ಎಷ್ಟು ದಿನ ಬದುಕುತ್ತೆ ಅಂತ ತಿಳಿದರೆ ಹೋಗುತ್ತೆ. ಅದಕ್ಕೆ ಹೆಚ್ಚು ಖರ್ಚೂ ಬೇಕಿಲ್ಲ.

ನಮ್ಮ ಸೀಮೆಯ ಮನೆ, ನಮ್ಮ ಬೆಕ್ಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದರೆ ತೆಂಗಿನ ಸೀಮೆ. ಹೊನ್ನವಳ್ಳಿ, ನೊಣವಿನಕೆರೆ, ಮಾಯಸಂದ್ರ, ಹುಳಿಯಾರು, ಯಾವ ಕಡೆ ಹೋದರೂ ತೋಟ, ತೋಟದ ನಡುವೆ ಮನೆ. ಮನೆಯೊಳಗೆ ಅಟ್ಟ. ಅಟ್ಟದ ತುಂಬ ಕಾಯಿ. ನಮ್ಮದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತಿರ ಹತ್ತಿರ ಒಂದು ವರ್ಷ ಅಲ್ಲೇ ಇರಬೇಕು. ಒಳಗಿನ ನೀರು ಆರಬೇಕು. ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ತಿಪಟೂರಿನ ಮಾರುಕಟ್ಟೆಗೆ ಕಳಿಸೋದು.

ವರ್ಷಗಟ್ಟಲೆ ಕಾಯಿ ಅಟ್ಟದ ಮೇಲಿದ್ದರೆ ಇಲಿ ಸುಮ್ಮನಿರುತ್ತಾ? ಇಲಿ ಬರುತ್ತೆ. ಇಲಿಗೆ ಬೆಕ್ಕು ಬೇಕು. ಅದಕ್ಕೇ ನಮ್ಮ ಕಡೆ ಮನೆಗೊಂದು ಬೆಕ್ಕು ಇದ್ದೇ ಇರುತ್ತೆ. ಅದು ಬರೀ ಮುದ್ದಿಗೆ ಸಾಕಿದ ಬೆಕ್ಕಲ್ಲ. ಅಟ್ಟ ಕಾಯೋ ಬೆಕ್ಕು. ನಾವು ದುಡಿದ ಹಾಗೆ ಅದೂ ದುಡಿಯುತ್ತೆ.

ಆದರೆ ಅಟ್ಟದ ಮೇಲೆ ಧೂಳು ಇರುತ್ತೆ. ಮನೆಯ ಪಕ್ಕ ಮಟ್ಟೆಯ ರಾಶಿ, ನಾರಿನ ಹೊಟ್ಟು ಇರುತ್ತೆ. ಅಲ್ಲಿ ನೆರಳು, ಅಲ್ಲಿ ತಂಪು. ಬೆಕ್ಕು ಅಲ್ಲೇ ಮಲಗುತ್ತೆ. ಚಿಗಟಕ್ಕೂ ಅಂಥ ಜಾಗವೇ ಇಷ್ಟ. ಮಳೆಗಾಲದಲ್ಲಿ ಗಾಳಿಯಲ್ಲಿ ಪಸೆ ಹೆಚ್ಚಾದಾಗ ಇನ್ನೂ ಇಷ್ಟ. ಹಾಗಾಗಿ ಈ ಕಾಟ ಬಂದರೆ ಅದು ಹೆಂಗಸಿನ ಸೋಮಾರಿತನ ಅಲ್ಲ. ಮನೆ ಇರೋ ರೀತಿ, ಋತು, ಪ್ರಾಣಿ ಎಲ್ಲ ಸೇರಿ ಆಗೋ ಕೆಲಸ ಅದು.

ಚಿಗಟದ ನಾಲ್ಕು ವೇಷ

ರೇಷ್ಮೆ ಹುಳು ನಿಮಗೆ ಗೊತ್ತು. ಮೊದಲು ಮೊಟ್ಟೆ. ಮೊಟ್ಟೆ ಒಡೆದು ಹುಳು. ಹುಳು ಗೂಡು ಕಟ್ಟುತ್ತೆ. ಗೂಡಿನಿಂದ ಚಿಟ್ಟೆ ಬರುತ್ತೆ. ಚಿಗಟದ್ದೂ ಹೀಗೇ. ಅದಕ್ಕೂ ನಾಲ್ಕು ವೇಷ.

ಒಂದನೇದು ಮೊಟ್ಟೆ. ದೊಡ್ಡ ಚಿಗಟ ಬೆಕ್ಕಿನ ಮೈಮೇಲೆ ಇದ್ದು ರಕ್ತ ಹೀರುತ್ತೆ. ಅಲ್ಲೇ ಮೊಟ್ಟೆ ಇಡುತ್ತೆ. ಮೊಟ್ಟೆ ಬೆಳ್ಳಗೆ, ಪುಡಿ ಉಪ್ಪಿನ ಕಣದಷ್ಟು. ಹೇನಿನ ಸೀರಿನ ಹಾಗೆ ಕೂದಲಿಗೆ ಅಂಟಿಕೊಳ್ಳೋದಿಲ್ಲ. ಬೆಕ್ಕು ಎದ್ದು ಮೈ ಕೊಡವಿದರೆ ಉದುರಿ ನೆಲಕ್ಕೆ ಬೀಳುತ್ತೆ.

ಎರಡನೇದು ಹುಳು. ಮೊಟ್ಟೆ ಕೆಲವೇ ದಿನದಲ್ಲಿ ಒಡೆಯುತ್ತೆ. ದಾರದ ಎಳೆಯಂಥ ಬಿಳಿ ಹುಳು ಹೊರಗೆ ಬರುತ್ತೆ. ಇದು ಯಾರನ್ನೂ ಕಚ್ಚೋದಿಲ್ಲ. ಬೆಳಕು ಕಂಡರೆ ಓಡುತ್ತೆ. ನೆಲದ ಬಿರುಕು, ಗೋಡೆಯ ಮೂಲೆ, ಚಾಪೆಯ ಕೆಳಗೆ, ಗೋಣಿಯ ಮಡಿಕೆಯಲ್ಲಿ ಅಡಗುತ್ತೆ. ಧೂಳಿನಲ್ಲಿ ಬಿದ್ದ ದೊಡ್ಡ ಚಿಗಟದ ಹಿಕ್ಕೆಯೇ ಇದರ ಊಟ. ಆ ಹಿಕ್ಕೆಯಲ್ಲಿ ಒಣಗಿದ ರಕ್ತ ಇರುತ್ತೆ.

ಮೂರನೇದು ಗೂಡು. ಹುಳು ತನ್ನ ಸುತ್ತ ಅಂಟಂಟಾದ ಗೂಡು ಕಟ್ಟಿಕೊಳ್ಳುತ್ತೆ. ಅದಕ್ಕೆ ಮಣ್ಣು, ಧೂಳು ಮೆತ್ತಿಕೊಂಡು ಕಣ್ಣಿಗೇ ಕಾಣೋದಿಲ್ಲ. ಹೊಗೆ ಹಾಕಿ, ಪುಡಿ ಎರಚಿ, ಗೂಡಿನ ಒಳಗಿರೋದಕ್ಕೆ ಅಷ್ಟಾಗಿ ತಾಗೋದಿಲ್ಲ. ಒಂದೆರಡು ವಾರದಲ್ಲಿ ಹೊರಗೆ ಬರಬಹುದು. ಆಹಾರದ ಸುಳಿವು ಸಿಗದಿದ್ದರೆ ತಿಂಗಳುಗಟ್ಟಲೆ ಒಳಗೇ ಕಾಯಬಹುದು.

ನಾಲ್ಕನೇದು ನೆಗೆಯೋ ಚಿಗಟ. ನೆಲ ಅದುರಿದರೆ, ಮೈಯ ಶಾಖ ತಾಗಿದರೆ, ಉಸಿರು ತಾಗಿದರೆ ಗೂಡು ಒಡೆದು ನೆಗೆಯುತ್ತೆ. ಜಾತ್ರೆಗೋ ನೆಂಟರ ಮನೆಗೋ ಹೋಗಿ ನಾಲ್ಕು ದಿನ ಬಿಟ್ಟು ಬಂದು ಬೀಗ ತೆಗೆದರೆ ಚಿಗಟ ಮುತ್ತಿಕೊಳ್ಳುತ್ತವೆ, ಅಲ್ವಾ? "ಮನೇಲಿ ಯಾರೂ ಇರಲಿಲ್ಲ, ಇವು ಎಲ್ಲಿಂದ ಬಂದವು?" ಅಂತ ಆಶ್ಚರ್ಯ ಪಡುತ್ತೇವೆ. ಅವು ಗೂಡಿನಲ್ಲಿ ನಮ್ಮ ಹೆಜ್ಜೆಗೇ ಕಾಯುತ್ತಿದ್ದವು.

ಈಗ ಒಂದು ಲೆಕ್ಕ ಮಾಡೋಣ. ಒಂದು ಹೆಣ್ಣು ಚಿಗಟ ದಿನಕ್ಕೆ 20ರಿಂದ 50 ಮೊಟ್ಟೆ ಇಡುತ್ತೆ. ಕಡಿಮೆ ಲೆಕ್ಕವನ್ನೇ ಹಿಡಿಯಿರಿ. ಬೆಕ್ಕಿನ ಮೇಲೆ 10 ಹೆಣ್ಣು ಚಿಗಟ ಇದ್ದರೆ ದಿನಕ್ಕೆ 200 ಮೊಟ್ಟೆ. ವಾರಕ್ಕೆ 1,400 ಮೊಟ್ಟೆ. ಅವೆಲ್ಲ ಎಲ್ಲಿ? ಬೆಕ್ಕಿನ ಮೇಲಲ್ಲ. ನಮ್ಮ ನೆಲದಲ್ಲಿ, ನಮ್ಮ ಹಾಸಿಗೆಯಲ್ಲಿ.

ಇದನ್ನು ಚೆನ್ನಾಗಿ ನೆನಪಿಡಿ. ಕಣ್ಣಿಗೆ ಕಾಣೋ ಚಿಗಟ ಸ್ವಲ್ಪ. ಕಾಣದ್ದೇ ಬಹಳ. ಬೆಕ್ಕು ಚಿಗಟದ ಊಟದ ಮನೆ. ನೆಲ ಚಿಗಟದ ಹೆರಿಗೆ ಮನೆ. ಎರಡು ಕಡೆಯೂ ಕೆಲಸ ಆಗಬೇಕು.

ಚಿಗಟದಿಂದ ಏನು ತೊಂದರೆ?

ಮೊದಲನೇದು ನವೆ. ಚಿಗಟ ಹೆಚ್ಚಾಗಿ ಮೊಣಕಾಲಿನ ಕೆಳಗೆ, ಪಾದದ ಗಂಟಿನ ಸುತ್ತ ಕಚ್ಚುತ್ತೆ. ನೆಲದಲ್ಲಿ ಮಲಗಿದ ಮಗುವಿಗೆ ಮೈಯೆಲ್ಲ ಕಚ್ಚುತ್ತೆ. ಮಗು ಕೆರೆದುಕೊಳ್ಳುತ್ತೆ. ಉಗುರಿನ ಕೊಳೆ ತಾಗಿ ಗಾಯ ಕೀವಾಗುತ್ತೆ. ರಾತ್ರಿ ನಿದ್ದೆ ಇಲ್ಲದ ಮಗು ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುತ್ತೆ. ನಾವು ಪಾಠ ಮಾಡೋರು ಇದನ್ನು ದಿನಾ ನೋಡುತ್ತೇವೆ. ಮಕ್ಕಳ ಉಗುರು ಕತ್ತರಿಸಿ. ಕಚ್ಚಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಕೀವಾದರೆ ಆಸ್ಪತ್ರೆಗೆ ತೋರಿಸಿ.

ಎರಡನೇದು ಲಾಡಿ ಹುಳು. ಬೆಕ್ಕು, ನಾಯಿಯ ಹೊಟ್ಟೆಯಲ್ಲಿರೋ ಒಂದು ಜಾತಿಯ ಲಾಡಿ ಹುಳು ಚಿಗಟದ ಮೂಲಕ ಹರಡುತ್ತೆ. ಆಟವಾಡೋ ಮಗು ಗೊತ್ತಿಲ್ಲದೆ ಚಿಗಟ ನುಂಗಿದರೆ ಮಗುವಿಗೂ ಬರಬಹುದು. ಮಗುವಿನ ಮಲದಲ್ಲಿ ಅಕ್ಕಿ ಕಾಳಿನಂಥ ಬಿಳಿ ತುಂಡು ಕಂಡರೆ ವೈದ್ಯರಿಗೆ ಹೇಳಿ.

ಮೂರನೇದು ಬೆಕ್ಕಿನ ಮರಿಗೆ ಆಗೋ ಹಾನಿ. ಮರಿಯ ಮೈಯಲ್ಲಿ ರಕ್ತ ಎಷ್ಟಿರುತ್ತೆ? ಬಹಳ ಚಿಗಟ ಹತ್ತಿದರೆ ರಕ್ತ ಸೋರಿಹೋಗಿ ಮರಿ ಸತ್ತೇ ಹೋಗಬಹುದು. ಮರಿಯ ಒಸಡು ಬಿಳುಚಿದ್ದರೆ ತಡ ಮಾಡಬೇಡಿ. ಆಡಿನ ಮರಿ, ಎಳೆ ಕರುವಿಗೂ ಚಿಗಟ ಹತ್ತುತ್ತೆ. ರಾತ್ರಿ ಅವನ್ನು ಮನೆಯೊಳಗೆ ಕಟ್ಟೋರು ಆ ಜಾಗವನ್ನೂ ನೋಡಬೇಕು.

ಹಿರಿಯರು ಪ್ಲೇಗಿನ ಮಾತು ಆಡುತ್ತಾರೆ. ಅದನ್ನೂ ಹೇಳಿಬಿಡುತ್ತೇವೆ. ಹಳೆಯ ಮೈಸೂರು ಸಂಸ್ಥಾನಕ್ಕೆ 1898ರಲ್ಲಿ ಪ್ಲೇಗು ಬಂತು. ಆಮೇಲೆ ಎಷ್ಟೋ ವರ್ಷ ಊರೂರು ಸುತ್ತಿತು. "ಇಲಿ ಬಿತ್ತು" ಅಂದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿ ನಮ್ಮ ಈ ಸೀಮೆಯದೇ ಕಥೆ. ಅದರಲ್ಲಿ ಪ್ಲೇಗು ನಂಜಮ್ಮನ ಮಕ್ಕಳನ್ನು ಕೊಂಡೊಯ್ಯುತ್ತೆ. ಓದು ಇನ್ನಷ್ಟು ಕೈಗೂಡಿದ ಮೇಲೆ ನೀವೂ ಅದನ್ನು ಓದಿ. ಆ ಪ್ಲೇಗನ್ನು ಹರಡಿದ್ದು ಮುಖ್ಯವಾಗಿ ಇಲಿಯ ಚಿಗಟ. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟ ಮನುಷ್ಯರ ಮೇಲೆ ಹಾರುತ್ತಿತ್ತು. ಬೆಕ್ಕಿನ ಚಿಗಟ ಬೇರೆ ಜಾತಿ. ಹಾಗಾಗಿ ಚಿಗಟ ಕಂಡ ಕೂಡಲೇ ಪ್ಲೇಗು ಅಂತ ಹೆದರಬೇಡಿ. ಆದರೆ ಮನೆಯಲ್ಲಿ ಇಲಿಗಳು ತಾವಾಗಿಯೇ ಸಾಯುತ್ತಿದ್ದರೆ, ಅಥವಾ ಚಿಗಟ ಇರೋ ಮನೆಯಲ್ಲಿ ಯಾರಿಗಾದರೂ ಜೋರು ಜ್ವರ ಬಂದರೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಬೆಕ್ಕನ್ನು ಓಡಿಸಿದರೆ ಆಗದೇ?

ಈ ಪ್ರಶ್ನೆ ಎಲ್ಲ ಕಡೆ ಕೇಳುತ್ತಾರೆ. "ಗೋಣಿಚೀಲಕ್ಕೆ ಹಾಕಿ ದೂರ ಬಿಟ್ಟು ಬಂದ್ರೆ ಮುಗೀತಲ್ಲ?" ಅಂತ.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರಂತೆ. ಹಾಗಾಯಿತು ಇದು. ಬೆಕ್ಕು ಹೋದರೂ ನೆಲದಲ್ಲಿರೋ ಮೊಟ್ಟೆ, ಹುಳು, ಗೂಡು ಹೋಗೋದಿಲ್ಲ. ಅವು ಚಿಗಟವಾಗಿ ಹೊರಗೆ ಬಂದಾಗ ಬೆಕ್ಕು ಇರೋದಿಲ್ಲ. ಹಸಿದ ಚಿಗಟ ಯಾರನ್ನು ಕಚ್ಚಬೇಕು? ನಮ್ಮನ್ನೇ. ಇತ್ತ ಅಟ್ಟದಲ್ಲಿ ಇಲಿ ಹೆಚ್ಚುತ್ತೆ. ಇಲಿಯ ಜೊತೆ ಇಲಿಯ ಚಿಗಟವೂ ಬರುತ್ತೆ. ಕಾಯಿಯೂ ಹಾಳು.

ಬೆಕ್ಕನ್ನು ಇಟ್ಟುಕೊಂಡೇ ಚಿಗಟ ಹಿಡಿಯೋದು ಜಾಣತನ. ಬೆಕ್ಕು ಮನೆಯೆಲ್ಲ ಸುತ್ತಿ ಮೂಲೆಮೂಲೆಯ ಚಿಗಟವನ್ನು ತನ್ನ ಮೈಗೆ ಹತ್ತಿಸಿಕೊಂಡು ಬರುತ್ತೆ. ನಾವು ಅದರ ಮೈಯಿಂದ ತೆಗೆದು ಕೊಲ್ಲಬೇಕು. ಹಾಗೆ ನೋಡಿದರೆ ಬೆಕ್ಕು ನಮಗೆ ನಡೆದಾಡೋ ಪೊರಕೆ.

ಬೆಕ್ಕಿನ ಮೈ: ಸೀರಣಿಗೆಯ ಕೆಲಸ

ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಗಾದೆ ಇದೆ. ಗಂಟೆ ಕಟ್ಟೋದು ಕಷ್ಟವಿರಬಹುದು. ಬಾಚೋದು ಅಷ್ಟು ಕಷ್ಟವಲ್ಲ.

ಮಕ್ಕಳ ತಲೆಯ ಹೇನು ತೆಗೆಯೋ ಸೀರಣಿಗೆ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತೆ. ಬೆಕ್ಕಿಗೇ ಬೇರೆ ಒಂದು ಇಟ್ಟುಕೊಳ್ಳಿ. ಒಂದು ಬೋಗುಣಿಯಲ್ಲಿ ನೀರು ತುಂಬಿ ಸ್ವಲ್ಪ ಸೋಪು ಕದಡಿ. ಬೆಕ್ಕಿಗೆ ಹಾಲೋ ಅನ್ನವೋ ಹಾಕಿ, ಅದು ಸಮಾಧಾನವಾಗಿರೋ ಹೊತ್ತಲ್ಲಿ ಕೂರಿಸಿಕೊಳ್ಳಿ. ಮನೆಯ ಹೊರಗೆ, ಬಿಳಿ ಬಟ್ಟೆ ಹಾಸಿ ಕೂತರೆ ಒಳ್ಳೇದು. ಮೊದಲು ಕತ್ತು, ಕಿವಿಯ ಹಿಂದೆ. ಆಮೇಲೆ ಬೆನ್ನು, ಬಾಲದ ಬುಡ, ಹೊಟ್ಟೆ. ಕೂದಲು ಮಲಗಿದ ದಿಕ್ಕಿಗೇ ಬಾಚಿ. ಸಿಕ್ಕ ಚಿಗಟವನ್ನು ಆ ಕೂಡಲೇ ಸೋಪು ನೀರಿಗೆ ಅದ್ದಿ. ಬರೀ ನೀರಾದರೆ ಚಿಗಟ ತೇಲಿ ಮತ್ತೆ ನೆಗೆಯಬಹುದು. ಸೋಪು ನೀರಾದರೆ ಮುಳುಗುತ್ತೆ. ಉಗುರಿನಲ್ಲಿ ಕುಟ್ಟಬೇಡಿ. ಕೈಗೆ ಕೊಳೆ ಹತ್ತುತ್ತೆ.

ಬಿಳಿ ಬಟ್ಟೆಯ ಮೇಲೆ ಕರಿ ಪುಡಿ ಉದುರಿದರೆ ಅದಕ್ಕೆ ಒಂದು ಹನಿ ನೀರು ಹಾಕಿ ನೋಡಿ. ಮಣ್ಣಾದರೆ ಮಣ್ಣಿನ ಬಣ್ಣವೇ ಇರುತ್ತೆ. ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ. ಬೆಕ್ಕಿಗೆ ಚಿಗಟ ಇದೆ ಅಂತ ಖಾತ್ರಿ.

ದೊಡ್ಡ ಬೆಕ್ಕು ಒಪ್ಪಿದರೆ ಬಿಸಿಲಿನ ದಿನ ಒಮ್ಮೆ ಸ್ನಾನ ಮಾಡಿಸಬಹುದು. ನೀರು ಉಗುರು ಬೆಚ್ಚಗಿರಲಿ. ಇಬ್ಬರು ಇರಿ. ಮೊದಲು ಕತ್ತಿನ ಸುತ್ತ ಸೋಪಿನ ನೊರೆಯ ಉಂಗುರ ಮಾಡಿ. ಇಲ್ಲದಿದ್ದರೆ ಚಿಗಟ ಮುಖಕ್ಕೆ, ಕಿವಿಗೆ ಓಡುತ್ತೆ. ಮಕ್ಕಳಿಗೆ ಹಾಕೋ ಮೆದು ಸೋಪು ಸಾಕು. ಕಣ್ಣಿಗೆ, ಕಿವಿಗೆ ನೀರು ಹೋಗಬಾರದು. ಸೋಪು ಪೂರ್ತಿ ಹೋಗುವ ಹಾಗೆ ತೊಳೆದು ಚೆನ್ನಾಗಿ ಒರೆಸಿ. ಎಳೆ ಮರಿಗೆ ಸ್ನಾನ ಬೇಡ. ಬಾಚಿದರೆ ಸಾಕು.

"ಕೊಬ್ಬರಿ ಎಣ್ಣೆ ಹಚ್ಚಬಹುದೇ?" ಅಂತ ನಮ್ಮ ಕಡೆ ಕೇಳೇ ಕೇಳುತ್ತಾರೆ. ಬೆರಳಿಗೆ ಚೂರು ಎಣ್ಣೆ ಇದ್ದರೆ ಚಿಗಟ ಹಿಡಿಯೋಕೆ ಸುಲಭ, ನಿಜ. ಆದರೆ ಮೈಗೆಲ್ಲ ಬಳಿದರೆ ಬೆಕ್ಕು ನೆಕ್ಕಿ ಭೇದಿ ಮಾಡಿಕೊಳ್ಳುತ್ತೆ. ಎಣ್ಣೆ ಮೈಗೆ ಧೂಳೂ ಮೆತ್ತುತ್ತೆ. ಬೇಡ.

ಮನೆಯ ನೆಲ: ಪೊರಕೆ, ಬಿಸಿನೀರು, ಬಿಸಿಲು

ದಿನಾ ಗುಡಿಸುತ್ತೇವೆ. ಆದರೆ ಎಲ್ಲಿ ಗುಡಿಸುತ್ತೇವೆ? ನಡುಮನೆಯಲ್ಲಿ. ಚಿಗಟದ ಹುಳು ಇರೋದು ಎಲ್ಲಿ? ಗೋಡೆಯ ಬುಡದಲ್ಲಿ, ಮಂಚದ ಕೆಳಗೆ, ಮೂಟೆಯ ಹಿಂದೆ, ಅಟ್ಟದ ಏಣಿಯ ಬುಡದಲ್ಲಿ, ಬೆಕ್ಕು ಮಲಗೋ ಮೂಲೆಯಲ್ಲಿ. ಪೊರಕೆ ಅಲ್ಲಿಗೆ ಹೋಗಬೇಕು. ದಿನಾ ಹೋಗಬೇಕು.

ಗುಡಿಸಿದ ಧೂಳನ್ನು ತಿಪ್ಪೆಗೆ ಎಸೆಯಬೇಡಿ. ಅಂಗಳಕ್ಕೆ ತಳ್ಳಬೇಡಿ. ಅದರಲ್ಲಿ ಮೊಟ್ಟೆ ಇದೆ, ಗೂಡಿದೆ. ನಾಯಿ, ಬೆಕ್ಕು ಅಲ್ಲಿ ಹೊರಳಾಡಿ ಮತ್ತೆ ಮನೆಗೆ ತರುತ್ತವೆ. ಒಂದು ಹಳೇ ಕಾಗದದಲ್ಲಿ ಎತ್ತಿ ಬಚ್ಚಲ ಒಲೆಯ ಬೆಂಕಿಗೆ ಹಾಕಿ. ಇಲ್ಲವೇ ಕುದಿಯೋ ನೀರಿಗೆ ಹಾಕಿ, ಆರಿದ ಮೇಲೆ ಚೆಲ್ಲಿ.

ಮಣ್ಣಿನ ನೆಲ ಇದ್ದರೆ ಬಿರುಕು ನೋಡಿ. ಬಿರುಕಿನ ಮೇಲೆ ಸುಮ್ಮನೆ ಸಗಣಿ ಸಾರಿಸಿದರೆ ಹುಳುವಿಗೆ ಸೂರು ಕಟ್ಟಿಕೊಟ್ಟ ಹಾಗೆ. ಮೊದಲು ಬಿರುಕಿನ ಧೂಳು ಕೆದಕಿ ತೆಗೆಯಿರಿ. ಜೇಡಿಮಣ್ಣು ಕಲಸಿ ತುಂಬಿ. ಒಣಗಲಿ. ಆಮೇಲೆ ತೆಳ್ಳಗೆ ಸಾರಿಸಿ, ಬಾಗಿಲು ಕಿಟಕಿ ತೆರೆದು ಆರಿಸಿ. ನೆಲ ಒಣಗಿದಷ್ಟೂ ಹುಳು ಸಾಯುತ್ತೆ. ಸಿಮೆಂಟು, ಟೈಲ್ಸ್ ನೆಲವಾದರೆ ಮೂಲೆಗಳನ್ನು ಸೋಪು ನೀರಿನಲ್ಲಿ ಉಜ್ಜಿ ಒರೆಸಿ. ಗೋಡೆಯ ಸಂದಿಗೆ ಸುಣ್ಣದ ಗಾರೆ ತುಂಬಿ. ಆದರೆ ಸುಣ್ಣದ ಪುಡಿಯನ್ನು ನೆಲಕ್ಕೆ ಎರಚಬೇಡಿ. ಮಗುವಿನ ಕಾಲು, ಬೆಕ್ಕಿನ ಕಾಲು ಸುಡುತ್ತೆ.

ಹೊದಿಕೆ, ದುಪ್ಪಟಿ, ದಿಂಬಿನ ಚೀಲ ಇವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆಯಿರಿ. ಕಂಬಳಿಯನ್ನು ಕುದಿಸೋಕೆ ಆಗೋದಿಲ್ಲ, ಮುದುರಿ ಹೋಗುತ್ತೆ. ಅದನ್ನು ಮನೆಯಿಂದ ದೂರ ಕೊಡವಿ, ನಡುಹಗಲ ಬಿಸಿಲಿಗೆ ಬಂಡೆಯ ಮೇಲೆ ಹಾಸಿ. ಎರಡೂ ಮಗ್ಗುಲು ಕಾಯಬೇಕು. ಚಾಪೆಯೂ ಹಾಗೇ. ಬಿಸಿಲಿಗೆ ಕಾಸು ಕೊಡಬೇಕಿಲ್ಲ.

ಬೆಕ್ಕಿಗೆ ಒಂದೇ ಕಡೆ ಹಾಸಿಗೆ ಮಾಡಿ. ಹಳೇ ಸೀರೆಯ ತುಂಡು ಸಾಕು. ಅದು ಅಲ್ಲೇ ಮಲಗೋ ಅಭ್ಯಾಸ ಮಾಡಿಕೊಂಡರೆ ಮೊಟ್ಟೆಯೂ ಹೆಚ್ಚಾಗಿ ಅಲ್ಲೇ ಉದುರುತ್ತೆ. ಮೂರು ನಾಲ್ಕು ದಿನಕ್ಕೊಮ್ಮೆ ಆ ತುಂಡನ್ನು ಕುದಿಯೋ ನೀರಿನಲ್ಲಿ ಅದ್ದಿ ತೆಗೆದು ಒಣಗಿಸಿ. ಎರಡು ತುಂಡು ಇದ್ದರೆ ಒಂದು ಒಗೆದಾಗ ಇನ್ನೊಂದು ಹಾಸಬಹುದು. ಕುದಿಯೋ ನೀರಿನ ಹತ್ತಿರ ಮಕ್ಕಳು ಬಾರದ ಹಾಗೆ ನೋಡಿಕೊಳ್ಳಿ.

ಮಟ್ಟೆಯ ರಾಶಿಯನ್ನು ಗೋಡೆಗೆ ತಾಗಿಸಿ ಒಟ್ಟಬೇಡಿ. ಬಿಸಿಲು ಬೀಳೋ ಕಡೆ, ಮನೆಯಿಂದ ದೂರ ಹಾಕಿ. ಇದು ಗಂಡಸರ ಕೈಯಲ್ಲಿ ಮಾಡಿಸೋ ಕೆಲಸ. ಅಟ್ಟದಿಂದ ಕಾಯಿ ಇಳಿಸಿ ಸುಲಿಯೋ ದಿನ ಅಟ್ಟ ಖಾಲಿಯಾಗುತ್ತಲ್ಲ, ಆ ದಿನ ಬಿಡಬೇಡಿ. ಮತ್ತೆ ಕಾಯಿ ಏರಿಸೋ ಮುಂಚೆ ಅಟ್ಟದ ಧೂಳೆಲ್ಲ ಗುಡಿಸಿ ಸುಟ್ಟುಬಿಡಿ. ಆ ಅವಕಾಶ ವರ್ಷಕ್ಕೊಮ್ಮೆ ಸಿಗೋದು.

ತಟ್ಟೆಯ ಬಲೆ

ರಾತ್ರಿ ಮಲಗೋ ಮುಂಚೆ ಅಗಲವಾದ ತಟ್ಟೆಯಲ್ಲಿ ಸೋಪು ನೀರು ಹಾಕಿ ನೆಲದ ಮೇಲಿಡಿ. ಅದರ ಮೇಲೆ, ಒಂದು ಗೇಣು ಎತ್ತರದಲ್ಲಿ ಸಣ್ಣ ದೀಪ ಇರಲಿ. ಕರೆಂಟಿನ ದೀಪವೇ ಒಳ್ಳೇದು. ವೈರು ನೀರಿಗೆ ತಾಗಬಾರದು. ಕೋಣೆಯ ಬೇರೆ ದೀಪ ಆರಿಸಿ. ಚಿಗಟ ಬೆಳಕಿಗೆ ನೆಗೆದು ನೀರಿಗೆ ಬೀಳುತ್ತೆ. ಬೆಳಿಗ್ಗೆ ಎಣಿಸಿ.

ಇದರಿಂದ ಎಲ್ಲ ಚಿಗಟ ಸಾಯೋದಿಲ್ಲ. ಮೊಟ್ಟೆ, ಹುಳು, ಗೂಡು ಬಲೆಗೆ ಬೀಳೋದಿಲ್ಲ. ಆದರೆ ಎಣಿಕೆ ಸಿಗುತ್ತೆ. ಈಗ ನಿಮಗೆ ಅಂಕಿ ಬರುತ್ತೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ ಅಂಕಿ ಬರೆಯಿರಿ. ಇಂದು 14, ನಾಳೆ 11, ನಾಡಿದ್ದು 16. ಹತ್ತು ದಿನದ ಅಂಕಿ ಕಣ್ಣಿಗೆ ಬಿದ್ದರೆ ಕಾಟ ಇಳಿಯುತ್ತಿದೆಯೋ ಏರುತ್ತಿದೆಯೋ ನೀವೇ ಹೇಳಬಹುದು. ಇನ್ನೊಬ್ಬರನ್ನು ಕೇಳಬೇಕಿಲ್ಲ.

ಎಷ್ಟು ದಿನ ಮಾಡಬೇಕು?

ಇಲ್ಲೇ ಬಹಳ ಜನ ಸೋಲೋದು. ಒಂದು ವಾರ ಮಾಡುತ್ತಾರೆ. ಚಿಗಟ ಕಡಿಮೆಯಾಗುತ್ತೆ. ಬಿಟ್ಟುಬಿಡುತ್ತಾರೆ. ಮೂರನೇ ವಾರ ಗೂಡಿನಲ್ಲಿದ್ದವು ಹೊರಗೆ ಬರುತ್ತವೆ. "ಏನು ಮಾಡಿದ್ರೂ ಹೋಗಲ್ಲ ಕಣವ್ವ" ಅಂತ ಕೈ ಚೆಲ್ಲುತ್ತಾರೆ.

ಹೋಗುತ್ತೆ. ಒಂದು ಮಂಡಲ ಮಾಡಿ. ಮಂಡಲ ಅಂದರೆ 48 ದಿನ. ವ್ರತ ಹಿಡಿದ ಹಾಗೆ ಹಿಡಿಯಿರಿ. ಮೊದಲ ಎರಡು ವಾರ ದಿನಾ ಬಾಚೋದು, ದಿನಾ ಮೂಲೆ ಗುಡಿಸೋದು. ಆಮೇಲೆ ಎರಡು ದಿನಕ್ಕೊಮ್ಮೆ ಬಾಚಿದರೂ ಸರಿ, ಗುಡಿಸೋದು ನಿಲ್ಲಬಾರದು. ನಡುವೆ ಒಮ್ಮೆ ಎಣಿಕೆ ಏರಿದರೆ ಎದೆಗುಂದಬೇಡಿ. ಗೂಡು ಒಡೆದು ಹೊರಗೆ ಬಂದಿವೆ, ಬಂದದ್ದೇ ಒಳ್ಳೇದಾಯಿತು, ಹಿಡಿಯಿರಿ. ಮಂಡಲ ಮುಗಿದ ಮೇಲೂ ವಾರಕ್ಕೊಮ್ಮೆ ಬೆಕ್ಕನ್ನು ಬಾಚುತ್ತಿರಿ.

ಬೆಕ್ಕಿಗೆ ಬೇಲಿ ಇಲ್ಲ. ನಮ್ಮ ಬೆಕ್ಕು ನಿಮ್ಮ ಮನೆಗೆ, ನಿಮ್ಮ ಬೆಕ್ಕು ನಮ್ಮ ಮನೆಗೆ. ಹಾಗಾಗಿ ಒಂದೇ ಮನೆ ಮಾಡಿದರೆ ಸಾಲದು. ನಿಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಮಾತು ಎತ್ತಿ. ಬೀದಿಯ ಮನೆಗಳೆಲ್ಲ ಒಂದೇ ದಿನ ಶುರು ಮಾಡಿ. ನಾಚಿಕೆಯೂ ಹೋಗುತ್ತೆ, ಚಿಗಟವೂ ಹೋಗುತ್ತೆ.

ವಿಷದ ಡಬ್ಬಿಗೆ ಕೈ ಹಾಕಬೇಡಿ

ಇನ್ನು ಮುಖ್ಯ ಮಾತು. ಇದನ್ನು ಎರಡು ಸಲ ಓದಿ.

1998ರಲ್ಲಿ ಕೇರಳದಲ್ಲಿ ತೆಂಗಿನ ನುಸಿ ಪೀಡೆ ಕಾಣಿಸಿತು. ಆಮೇಲೆ ನಮ್ಮ ತೋಟಗಳಿಗೂ ಬಂತು. ಮರದ ಬೇರಿಗೆ ಕಟ್ಟೋ ಔಷಧಿ, ಸಿಂಪಡಿಸೋ ಔಷಧಿ ಮನೆಮನೆಗೆ ಬಂದವು. ಉಳಿದ ಬಾಟಲಿ ಅಟ್ಟದ ಮೂಲೆಯಲ್ಲೋ ಕೊಟ್ಟಿಗೆಯ ಗೂಡಿನಲ್ಲೋ ಇರುತ್ತೆ. ಚಿಗಟದ ಕಾಟ ತಡೆಯಲಾರದೆ "ತೋಟದ ಔಷಧಿ ಒಂಚೂರು ಚಿಮುಕಿಸೋಣ" ಅನ್ನೋರು ಇದ್ದಾರೆ. ಬೇಡ. ಖಂಡಿತ ಬೇಡ. ನೆಲದ ಮೇಲೆ ಅಂಬೆಗಾಲಿಡೋ ಮಗು ಇದೆ. ಮಗು ನೆಲ ಮುಟ್ಟಿ ಬಾಯಿಗೆ ಬೆರಳಿಡುತ್ತೆ. ಅಟ್ಟದಲ್ಲಿ ತಿನ್ನೋ ಕಾಯಿ ಇದೆ. ಧಾನ್ಯಕ್ಕೆ ಇಡೋ ವಿಷದ ಗುಳಿಗೆಯನ್ನೂ ಮಲಗೋ ಮನೆಯಲ್ಲಿ ಇಡಬೇಡಿ. ಅದರಿಂದ ಹೊರಡೋ ಗಾಳಿ ಮಲಗಿದವರನ್ನು ಕೊಲ್ಲುತ್ತೆ. ಹಿಂದೆ ಮನೆಗಳಲ್ಲಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಸರ್ಕಾರ 1997ರಲ್ಲೇ ನಿಷೇಧಿಸಿದೆ.

ವಿಷದ ಡಬ್ಬಿಯ ಮೇಲೆ ಒಂದು ಗುರುತು ಇರುತ್ತೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದರೆ ಅತಿ ಘೋರ ವಿಷ. ಅದರ ಮೇಲರ್ಧದಲ್ಲಿ ತಲೆಬುರುಡೆಯ ಚಿತ್ರವೂ ಇರುತ್ತೆ. ಹಳದಿ ಅಂದರೆ ಬಹಳ ವಿಷ. ನೀಲಿ ಅಂದರೆ ಮಧ್ಯಮ. ಹಸಿರು ಅಂದರೆ ಕಡಿಮೆ. ಹಸಿರು ಅಂದ ಮಾತ್ರಕ್ಕೆ ಬೆಕ್ಕಿಗೆ ಹಚ್ಚಬಹುದು ಅಂತ ಅಲ್ಲ. ಈ ಗುರುತಿರೋ ಯಾವ ಡಬ್ಬಿಯೂ ಬೆಕ್ಕಿನ ಮೈಗಲ್ಲ, ಮಕ್ಕಳ ಮೈಗಲ್ಲ.

ದನದ ಉಣ್ಣೆಗೆ, ನಾಯಿಯ ಉಣ್ಣೆಗೆ ಹಚ್ಚೋ ಔಷಧಿ ಮನೆಯಲ್ಲಿದ್ದರೆ ಅದನ್ನು ಬೆಕ್ಕಿಗೆ ಹಚ್ಚಬೇಡಿ. ಪರ್ಮೆಥ್ರಿನ್, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಅನ್ನೋ ಹೆಸರು ಅದರ ಮೇಲೆ ಇರಬಹುದು. ಮೂರರ ಕೊನೆಯೂ 'ಥ್ರಿನ್'. ದನ, ನಾಯಿ ಇದನ್ನು ತಡೆದುಕೊಳ್ಳುತ್ತವೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಇದನ್ನು ಕರಗಿಸೋ ಶಕ್ತಿ ಕಡಿಮೆ. ಬೆಕ್ಕು ನಡುಗುತ್ತೆ, ಜೊಲ್ಲು ಸುರಿಸುತ್ತೆ, ಸಾಯಲೂಬಹುದು. ಹೆಸರು ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗೋ ಮಗುವಿನ ಕೈಲಿ ಓದಿಸಿ. ಆಗಲೇ ಹಚ್ಚಿಬಿಟ್ಟಿದ್ದರೆ ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿ ಪಶು ಆಸ್ಪತ್ರೆಗೆ ಒಯ್ಯಿರಿ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಕರ್ಪೂರ, ನುಸಿ ಗುಳಿಗೆ ಇವೂ ಬೆಕ್ಕಿಗೆ ವಿಷವೇ.

ಬಾಚಿ, ಗುಡಿಸಿ ಸಾಕಾಗದಿದ್ದರೆ ಪಶುವೈದ್ಯರನ್ನು ಕೇಳಿ. ಬೆಕ್ಕಿಗೆಂದೇ ಮಾಡಿದ ಹನಿ ಮದ್ದು ಇದೆ. ಕತ್ತಿನ ಹಿಂದೆ, ಬೆಕ್ಕಿನ ನಾಲಿಗೆ ತಾಗದ ಕಡೆ ಹಾಕೋದು. ಬೆಕ್ಕಿನ ತೂಕ, ವಯಸ್ಸು ನೋಡಿ ಅವರೇ ಹೇಳುತ್ತಾರೆ. ಅದನ್ನು ಹಾಕಿದರೂ ನೆಲದ ಕೆಲಸ ತಪ್ಪೋದಿಲ್ಲ.

ಯಾರಾದರೂ ತಪ್ಪಿ ವಿಷ ಮುಟ್ಟಿ, ಕುಡಿದು, ವಾಂತಿ, ಬೆವರು, ಜೊಲ್ಲು, ಉಸಿರುಕಟ್ಟು ಶುರುವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ವಾಂತಿ ಮಾಡಿಸಬೇಡಿ. 108ಕ್ಕೆ ಫೋನು ಮಾಡಿ. ವಿಷದ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಡಬ್ಬಿಯ ಮೇಲಿನ ಹೆಸರು ನೋಡಿದರೆ ವೈದ್ಯರಿಗೆ ದಾರಿ ತಿಳಿಯುತ್ತೆ.

ಅಕ್ಕಂದಿರೇ, ಅಕ್ಷರ ಕಲಿಯೋದು ಬರೀ ಸಹಿ ಹಾಕೋಕೆ ಅಲ್ಲ. ಡಬ್ಬಿಯ ಮೇಲಿನ ಹೆಸರು ಓದೋಕೆ, ಕ್ಯಾಲೆಂಡರಿನಲ್ಲಿ ಅಂಕಿ ಬರೆಯೋಕೆ, "ಇದು ಬೇಡ, ಇದು ವಿಷ" ಅಂತ ಮನೆಯವರಿಗೆ ಗಟ್ಟಿಯಾಗಿ ಹೇಳೋಕೆ. ಒಂದು ಸೀರಣಿಗೆ, ಒಂದು ಪೊರಕೆ, ಸ್ವಲ್ಪ ಸೋಪು, ಬಿಸಿನೀರು, ಬಿಸಿಲು, 48 ದಿನದ ಹಟ. ಇಷ್ಟಿದ್ದರೆ ಸಾಕು. ಅಟ್ಟದ ಮೇಲೆ ಬೆಕ್ಕಿರಲಿ. ಕೆಳಗೆ ಮಕ್ಕಳು ನಿದ್ದೆ ಮಾಡಲಿ.

ನೆನಪಿಡೋಣ

1. ಚಿಗಟದ ಮೊಟ್ಟೆ, ಹುಳು, ಗೂಡು ಇರೋದು ನೆಲದಲ್ಲಿ.
2. ಬೆಕ್ಕನ್ನು ಓಡಿಸಬೇಡಿ, ಬಾಚಿ.
3. ಗುಡಿಸಿದ ಧೂಳನ್ನು ಎಸೆಯಬೇಡಿ, ಸುಡಿ.
4. ಒಂದು ಮಂಡಲ ಬಿಡದೆ ಮಾಡಿ.
5. ತೋಟದ ವಿಷ, ದನದ ಮದ್ದು, ನಾಯಿಯ ಮದ್ದು ಬೆಕ್ಕಿಗೆ ಬೇಡ.

ಓದಿ, ಹೇಳಿ

1. ಚಿಗಟದ ನಾಲ್ಕು ವೇಷ ಯಾವುವು?
2. 5 ಹೆಣ್ಣು ಚಿಗಟ ದಿನಕ್ಕೆ 20ರಂತೆ ಮೊಟ್ಟೆ ಇಟ್ಟರೆ ಒಂದು ವಾರಕ್ಕೆ ಎಷ್ಟು ಮೊಟ್ಟೆ?
3. ನಿಮ್ಮ ಮನೆಯಲ್ಲಿ ಬೆಕ್ಕು ಎಲ್ಲೆಲ್ಲಿ ಮಲಗುತ್ತೆ? ಆ ಜಾಗಗಳ ಹೆಸರು ಬರೆಯಿರಿ.
4. ನಿಮ್ಮ ಮನೆಯ ಔಷಧಿ ಡಬ್ಬಿಗಳನ್ನು ಕೈಯಿಂದ ಮುಟ್ಟದೆ ನೋಡಿ. ಚೌಕದ ಕೆಳಗಿನ ಅರ್ಧ ಯಾವ ಬಣ್ಣ? ಬರೆದುಕೊಂಡು ಬನ್ನಿ.